ಪೈಥಾನ್‌ನಲ್ಲಿ ಫೈಲ್ ಓದಿ, ಬರೆಯಿರಿ, ಮುಚ್ಚುವ ಕೆಲಸ ಮಾತ್ರ ನೆನಪಿಗೆ ಬಿಡಬೇಡಿ

ಪೈಥಾನ್ ಕಲಿಯಲು ಕೂತ ಮೊದಲ ವಾರದಲ್ಲೇ ನಾವೆಲ್ಲ ಫೈಲ್ ಓದುವ ಕೋಡ್ ಬರೆದಿರುತ್ತೇವೆ, ಅದು ಓಡಿಯೂ ಇರುತ್ತದೆ. ಫೈಲ್ ಮುಚ್ಚದೆ ಬಿಟ್ಟರೂ ಓಡುತ್ತದೆ, ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ, ಯಾವುದು ಅಂತ ಹೇಳದಿದ್ದರೂ ಓಡುತ್ತದೆ. ಹಾಗಾಗಿ ಇದರಲ್ಲಿ ಕಲಿಯೋಕೆ ಜಾಸ್ತಿ ಏನೂ ಇಲ್ಲ ಅನ್ನಿಸಿಬಿಡುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಒಂದು ಸೆನ್ಸರ್‌ನಿಂದ ನಿಮಿಷಕ್ಕೊಮ್ಮೆ ತಾಪಮಾನ ಓದಿ ಫೈಲಿಗೆ ಬರೆಯುವ ಸ್ಕ್ರಿಪ್ಟ್ ಮಾಡಿದೆ. ಮೇಲೆ ಒಂದು ಸಲ ಫೈಲ್ ತೆರೆದು, ಕೆಳಗೆ ಕೊನೆಯಿಲ್ಲದ ಲೂಪ್. ಐದು ಗಂಟೆ ಓಡಿದ ಮೇಲೆ ಕರೆಂಟ್ ಹೋಯಿತು. ಬಂದ ಮೇಲೆ ಫೈಲ್ ತೆರೆದು ನೋಡಿದರೆ ಸೊನ್ನೆ ಬೈಟ್. ಮುನ್ನೂರು ಸಾಲಿನಲ್ಲಿ ಒಂದೂ ಉಳಿದಿರಲಿಲ್ಲ. ಎಲ್ಲೂ ಎರರ್ ಬಂದಿರಲಿಲ್ಲ, ಕೋಡ್‌ನಲ್ಲಿ ಅಕ್ಷರದೋಷವೂ ಇರಲಿಲ್ಲ. ಯಾಕೆ ಹೀಗಾಯಿತು ಅನ್ನೋದನ್ನು ಮುಂದೆ ಹೇಳುತ್ತೇನೆ, ಮೊದಲು ಬುನಾದಿ ಹಾಕೋಣ.

ಕೋಡ್ ಬಗ್ಗೆ ಒಂದು ಮಾತು. ಇಲ್ಲಿ ಪೈಥಾನ್ ಪದಗಳನ್ನೆಲ್ಲ ಉಚ್ಚಾರ ಇದ್ದಂತೆ ಕನ್ನಡದಲ್ಲೇ ಬರೆದಿದ್ದೇನೆ. ವಿತ್, ಓಪನ್, ಫಾರ್ ಮುಂತಾದವನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆದರೆ 'ಕಡತ', 'ಸಾಲು' ಥರ ನಾನೇ ಇಟ್ಟಿರುವ ಹೆಸರುಗಳನ್ನು ಕನ್ನಡದಲ್ಲೇ ಬಿಟ್ಟರೂ ನಡೆಯುತ್ತದೆ. ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪುತ್ತದೆ, ಒಮ್ಮೆ ಮಾಡಿ ನೋಡಿ.

ಹಂತ 1: ವಿತ್ ಹಾಕಿ ತೆರೆಯಿರಿ

ವಿತ್ ಓಪನ್("ಪಟ್ಟಿ.ಟಿಎಕ್ಸ್‌ಟಿ", ಎನ್‌ಕೋಡಿಂಗ್="ಯುಟಿಎಫ್-8") ಆ್ಯಸ್ ಕಡತ:
    ಫಾರ್ ಸಾಲು ಇನ್ ಕಡತ:
        ಪ್ರಿಂಟ್(ಸಾಲು.ಆರ್‌ಸ್ಟ್ರಿಪ್())

ಇಷ್ಟೇ. ಈ ಮೂರು ಸಾಲು ಬೆರಳಿಗೆ ಅಭ್ಯಾಸ ಆಗಿಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ವಿತ್ ಏನು ಮಾಡುತ್ತದೆ? ಅದರ ಕೆಳಗೆ ಒಳಸರಿದು ಬರೆದ ಸಾಲುಗಳಿಂದ ನೀವು ಹೇಗೇ ಹೊರಗೆ ಬಂದರೂ ಫೈಲನ್ನು ಮುಚ್ಚುತ್ತದೆ. ಕೊನೆಯ ಸಾಲು ಮುಗಿಸಿ ಬರಬಹುದು, ಮಧ್ಯದಲ್ಲೇ ರಿಟರ್ನ್ ಅಥವಾ ಬ್ರೇಕ್ ಹಾಕಿ ಬರಬಹುದು, ಎರರ್ ಆಗಿಯೂ ಬರಬಹುದು. ಮೂರರಲ್ಲೂ ಕ್ಲೋಸ್ ನಡೆದೇ ನಡೆಯುತ್ತದೆ. ಇದು ಇಲ್ಲದ ಕಾಲದಲ್ಲಿ ಟ್ರೈ ಬರೆದು, ಕೆಳಗೆ ಫೈನಲಿ ಬರೆದು, ಅದರೊಳಗೆ ಕ್ಲೋಸ್ ಬರೆಯಬೇಕಿತ್ತು. ಯಾರಿಗೂ ಅಷ್ಟು ತಾಳ್ಮೆ ಇರುತ್ತಿರಲಿಲ್ಲ. ವಿತ್ 2006ರಲ್ಲಿ ಪೈಥಾನ್ 2.5ರ ಜೊತೆ ಬಂತು, ಆಗ ಅದನ್ನು ಬಳಸಬೇಕಾದರೆ ಮೇಲೆ ಒಂದು ವಿಶೇಷ ಇಂಪೋರ್ಟ್ ಸಾಲು ಬೇಕಿತ್ತು. 2008ರ 2.6ರಿಂದ ಆ ಸಾಲೂ ಬೇಡವಾಯಿತು. ರೂಬಿ ಭಾಷೆ ಗೊತ್ತಿರುವವರಿಗೆ ಇದು ಹೊಸದೇನಲ್ಲ. ಅಲ್ಲಿ ಫೈಲ್ ಓಪನ್‌ಗೆ ಒಂದು ಬ್ಲಾಕ್ ಕೊಟ್ಟರೆ, ಬ್ಲಾಕ್ ಮುಗಿದಾಗ ಫೈಲ್ ತಾನೇ ಮುಚ್ಚುತ್ತದೆ.

ಕೆಲವರು ಕೇಳುತ್ತಾರೆ, 'ಓಪನ್("ಪಟ್ಟಿ.ಟಿಎಕ್ಸ್‌ಟಿ").ರೀಡ್() ಅಂತ ಒಂದೇ ಸಾಲಲ್ಲಿ ಬರೆದರೆ ಆಗಲ್ವಾ, ಪೈಥಾನ್ ತಾನೇ ಮುಚ್ಚುತ್ತಲ್ಲ?' ಅಂತ. ನಾವೆಲ್ಲ ಸಾಮಾನ್ಯವಾಗಿ ಬಳಸುವ ಪೈಥಾನ್, ಅಂದರೆ ಸಿಪೈಥಾನ್‌ನಲ್ಲಿ ಮುಚ್ಚುತ್ತದೆ ನಿಜ. ಯಾವ ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಅಂತ ಅದು ಲೆಕ್ಕ ಇಡುತ್ತದೆ, ಲೆಕ್ಕ ಸೊನ್ನೆ ಆದ ಕ್ಷಣ ವಸ್ತುವನ್ನು ತೆಗೆದುಹಾಕುತ್ತದೆ, ಫೈಲ್ ಆದರೆ ಮುಚ್ಚಿ ತೆಗೆಯುತ್ತದೆ. ಆದರೆ ಪೈಥಾನ್ ಕೋಡನ್ನೇ ಓಡಿಸುವ ಇನ್ನೊಂದು ಪ್ರೋಗ್ರಾಂ ಆದ ಪೈಪೈ ಹೀಗೆ ಮಾಡುವುದಿಲ್ಲ, ಅಲ್ಲಿ ಬಳಕೆಯಲ್ಲಿಲ್ಲದ ವಸ್ತುಗಳ ಕಸ ಗುಡಿಸುವ ಹೊತ್ತು ಬಂದಾಗಲೇ ಮುಚ್ಚೋದು. ಸಿಪೈಥಾನ್‌ನಲ್ಲೂ ಆ ಫೈಲನ್ನು ಯಾವುದೋ ಲಿಸ್ಟ್ ಹಿಡಿದಿಟ್ಟುಕೊಂಡಿದ್ದರೆ ಲೆಕ್ಕ ಸೊನ್ನೆ ಆಗುವುದೇ ಇಲ್ಲ. ಸಾವಿರಾರು ಫೈಲುಗಳನ್ನು ಲೂಪ್‌ನಲ್ಲಿ ಹೀಗೆ ತೆರೆಯುತ್ತಾ ಹೋದರೆ ಒಂದು ಹಂತದಲ್ಲಿ 'ಟೂ ಮೆನಿ ಓಪನ್ ಫೈಲ್ಸ್' ಅನ್ನುವ ಎರರ್ ಬರುತ್ತದೆ. ಹಲವು ಲಿನಕ್ಸ್ ಯಂತ್ರಗಳಲ್ಲಿ ಒಂದು ಪ್ರೊಸೆಸ್‌ಗೆ ಸಿಗುವ ಮಾಮೂಲಿ ಮಿತಿ 1024. ವಿಂಡೋಸ್‌ನಲ್ಲಿ ಇನ್ನೊಂದು ರಗಳೆ ಇದೆ, ಪೈಥಾನ್‌ನಲ್ಲಿ ತೆರೆದು ಮುಚ್ಚದೆ ಬಿಟ್ಟ ಫೈಲನ್ನು ಅಳಿಸಲು ಹೋದರೆ 'ಇದು ಬಳಕೆಯಲ್ಲಿದೆ' ಅಂತ ಹೇಳಿ ಬಿಡುವುದೇ ಇಲ್ಲ.

ಹಂತ 2: ಓದುವ ರೀತಿ ಆರಿಸಿಕೊಳ್ಳಿ

ಮೇಲಿನ ಕೋಡ್‌ನಲ್ಲಿ ಇರುವಂತೆ ಫಾರ್ ಲೂಪ್ ಹಾಕಿದರೆ ಒಂದು ಹೊತ್ತಿಗೆ ಒಂದೇ ಸಾಲು ಕೈಗೆ ಬರುತ್ತದೆ. ಫೈಲ್ ಎಷ್ಟೇ ದೊಡ್ಡದಿರಲಿ, ಮೆಮೊರಿ ತುಂಬುವುದಿಲ್ಲ. ಕಡತ.ರೀಡ್() ಅಂದರೆ ಇಡೀ ಫೈಲ್ ಒಂದೇ ಸ್ಟ್ರಿಂಗ್ ಆಗಿ ಬರುತ್ತದೆ, ಚಿಕ್ಕ ಫೈಲಿಗೆ ಇದು ಚೆನ್ನ. ರೀಡ್‌ಲೈನ್ಸ್() ಎಲ್ಲ ಸಾಲುಗಳ ಲಿಸ್ಟ್ ಕೊಡುತ್ತದೆ. ನಾನು ಅದನ್ನು ಬಳಸೋದು ಕಡಿಮೆ. ಲಿಸ್ಟೇ ಬೇಕಿದ್ದರೆ ರೀಡ್ ಮಾಡಿ, ಮುಂದೆ ಸ್ಪ್ಲಿಟ್‌ಲೈನ್ಸ್() ಹಾಕುತ್ತೇನೆ, ಸಾಲಿನ ಕೊನೆಯ ಹೊಸಸಾಲಿನ ಗುರುತು ಅದರಲ್ಲೇ ಕಳಚಿ ಬರುತ್ತದೆ.

ಆ ಗುರುತನ್ನು ಮರೆತು ಎಡವುವವರು ತುಂಬಾ ಜನ. ಫೈಲಿನಿಂದ ಬರುವ ಸಾಲು 'ಹೌದು' ಅಲ್ಲ, 'ಹೌದು' ಮತ್ತು ಅದರ ಬಾಲಕ್ಕೆ ಅಂಟಿದ ಹೊಸಸಾಲಿನ ಗುರುತು. ಹಾಗಾಗಿ ಸಾಲು "ಹೌದು"ಗೆ ಸಮವೇ ಅಂತ ಕೇಳಿದರೆ ಫಾಲ್ಸ್ ಬರುತ್ತದೆ, ಪ್ರಿಂಟ್ ಮಾಡಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ತಲೆ ಕೆಡುತ್ತದೆ. ಅದಕ್ಕೇ ಆರ್‌ಸ್ಟ್ರಿಪ್, ಸಾಲಿನ ಬಾಲದ ಆ ಗುರುತನ್ನೂ ಖಾಲಿ ಜಾಗಗಳನ್ನೂ ಅದು ಕಳಚಿಹಾಕುತ್ತದೆ. ಸಾಲಿನ ಕೊನೆಯ ಖಾಲಿ ಜಾಗಗಳನ್ನು ಉಳಿಸಿಕೊಳ್ಳಬೇಕು ಅನ್ನುವವರು ಆರ್‌ಸ್ಟ್ರಿಪ್‌ನ ಒಳಗೆ ಹೊಸಸಾಲಿನ ಗುರುತನ್ನಷ್ಟೇ ಕೊಡಿ.

ಇನ್ನೊಂದು. ಒಮ್ಮೆ ಕೊನೆಯವರೆಗೆ ಓದಿದ ಫೈಲನ್ನು ಅದೇ ವಿತ್ ಒಳಗೆ ಮತ್ತೆ ಓದಿದರೆ ಏನೂ ಸಿಗುವುದಿಲ್ಲ. ಎರರ್ ಇಲ್ಲ, ಸುಮ್ನೆ ಖಾಲಿ. ಓದುವ ಜಾಗ ಕೊನೆಗೆ ಹೋಗಿ ನಿಂತಿರುತ್ತದೆ, ಕಡತ.ಸೀಕ್(0) ಅಂದರೆ ಮೊದಲಿಗೆ ವಾಪಸ್ ಬರುತ್ತದೆ.

ವಿತ್ ಬ್ಲಾಕಿನ ಹೊರಗೆ ಬಂದ ಮೇಲೆ ಓದಲು ಹೋದರೆ ಮಾತ್ರ ವ್ಯಾಲ್ಯೂಎರರ್ ಬರುತ್ತದೆ, ಫೈಲ್ ಆಗಲೇ ಮುಚ್ಚಿದೆ ಅಂತ. ಇದು ಸುಲಭವಾಗಿ ಗೊತ್ತಾಗುವ ತಪ್ಪು ಅನ್ನಿಸಬಹುದು, ಆದರೆ ಫಂಕ್ಷನ್ ಒಂದರ ಒಳಗೆ ವಿತ್ ಹಾಕಿ ಅಲ್ಲಿಂದ ಮ್ಯಾಪ್ ಅಥವಾ ಜನರೇಟರ್ ಎಕ್ಸ್‌ಪ್ರೆಶನ್ ಅನ್ನು ರಿಟರ್ನ್ ಮಾಡಿದಾಗ ಎಂಥವರೂ ಸಿಕ್ಕಿಬೀಳುತ್ತಾರೆ. ಅವು ಕೇಳಿದಾಗ ಮಾತ್ರ ಓದುವ ಜಾತಿ. ನೀವು ಕೇಳುವ ಹೊತ್ತಿಗೆ ಫೈಲ್ ಮುಚ್ಚಿ ಆಗಿರುತ್ತದೆ. ರಿಟರ್ನ್ ಮಾಡುವ ಮೊದಲೇ ಲಿಸ್ಟ್ ಮಾಡಿಬಿಡಿ.

ಹಂತ 3: ಎನ್‌ಕೋಡಿಂಗ್ ಹೇಳಿ, ಪ್ರತಿ ಸಲ ಹೇಳಿ

ಕನ್ನಡದಲ್ಲಿ ಬರೆಯುವ ನಮಗೆ ಇದು ಬೇರೆಯವರಿಗಿಂತ ಹೆಚ್ಚು ಮುಖ್ಯ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಎನ್‌ಕೋಡಿಂಗ್ ಹೇಳದಿದ್ದರೆ ಪೈಥಾನ್ ಆ ಯಂತ್ರದ ಮಾಮೂಲಿ ಎನ್‌ಕೋಡಿಂಗ್ ಹಿಡಿಯುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8. ವಿಂಡೋಸ್‌ನಲ್ಲಿ ಹಲವು ಕಡೆ ಸಿಪಿ1252 ಅನ್ನುವ ಹಳೆಯ ಪಟ್ಟಿ, ಅದರಲ್ಲಿ ಕನ್ನಡವೇ ಇಲ್ಲ. ಅದಕ್ಕೇ ಒಂದು ಯಂತ್ರದಲ್ಲಿ ಚೆನ್ನಾಗಿ ಓಡಿದ ಸ್ಕ್ರಿಪ್ಟ್ ಗೆಳೆಯರ ಯಂತ್ರದಲ್ಲಿ ಬಿದ್ದುಹೋಗುತ್ತದೆ.

ಬೀಳುವ ರೀತಿಯನ್ನು ಒಮ್ಮೆ ನೋಡಿದರೆ ಮುಂದೆ ಯಾವತ್ತೂ ಗುರುತು ಹಿಡಿಯಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. 'ಕನ್ನಡ' ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ ಐದು ಚಿಹ್ನೆ: ಕ, ನ, ಒತ್ತಕ್ಷರ ಕೂಡಿಸುವ ವಿರಾಮದ ಗುರುತು, ಇನ್ನೊಂದು ನ, ಡ. ಲೆನ್ ಕೇಳಿದರೆ 5 ಅನ್ನುತ್ತದೆ, ಫೈಲಿನಲ್ಲಿ 15 ಬೈಟ್ ಹಿಡಿಯುತ್ತದೆ. ಎಲ್ಲ ಕನ್ನಡ ಚಿಹ್ನೆಗಳ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಆ ಬೈಟ್‌ಗಳನ್ನು ಸಿಪಿ1252 ಕಣ್ಣಿನಿಂದ ನೋಡಿದರೆ, ತಲೆಯ ಮೇಲೆ ಸಣ್ಣ ಗೆರೆ ಇರುವ ಇಂಗ್ಲಿಷ್‌ನ ಎ ಅಕ್ಷರ, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3, ಆಮೇಲೆ ಇನ್ನೇನೋ ಒಂದು ಚಿಹ್ನೆ. ಈ ಮೂರರ ಸರಪಳಿ ಪರದೆಯ ತುಂಬ ಕಂಡರೆ ನಿಮ್ಮ ಕನ್ನಡ ಎಲ್ಲೂ ಹೋಗಿಲ್ಲ, ತಪ್ಪು ಕನ್ನಡಕದಲ್ಲಿ ನೋಡುತ್ತಿದ್ದೀರಿ ಅಂತ ಅರ್ಥ.

'ಮರ' ಅನ್ನುವ ಪದ ಮಾತ್ರ ಇರುವ ಫೈಲ್ ಹೀಗೆ ಎರರ್ ಇಲ್ಲದೆ ಕಸದಂತೆ ಓದಿಕೊಳ್ಳುತ್ತದೆ. 'ಕನ್ನಡ' ಇದ್ದರೆ ಯೂನಿಕೋಡ್‌ಡಿಕೋಡ್‌ಎರರ್ ಬರುತ್ತದೆ. ಆ ವಿರಾಮದ ಗುರುತಿನ ಮೂರನೇ ಬೈಟ್‌ಗೆ ಸಿಪಿ1252ರಲ್ಲಿ ಯಾವ ಅಕ್ಷರವೂ ಇಲ್ಲ. ಅಂದರೆ ಮೊದಲ ಒತ್ತಕ್ಷರ ಬಂದ ಜಾಗದಲ್ಲೇ ಪೈಥಾನ್ ಮುಗ್ಗರಿಸುತ್ತದೆ! ಎರಡರಲ್ಲಿ ಎರರ್ ಬರುವುದೇ ವಾಸಿ. ಸದ್ದಿಲ್ಲದೆ ಕಸ ಓದಿದರೆ ಆ ಕಸವನ್ನೇ ಮತ್ತೆ ಇನ್ನೊಂದು ಫೈಲಿಗೆ ಬರೆದು ಕೂತಿರುತ್ತೇವೆ.

ಆದ್ದರಿಂದ ಓದಲಿ, ಬರೆಯಲಿ, ಎನ್‌ಕೋಡಿಂಗ್="ಯುಟಿಎಫ್-8" ಹಾಕಿ. ಪೈಥಾನ್ 3.15ರಿಂದ ಇದನ್ನೇ ಮಾಮೂಲಿ ಮಾಡುವ ತೀರ್ಮಾನ ಆಗಿದೆ, ಆದರೆ ನಿಮ್ಮ ಸ್ಕ್ರಿಪ್ಟ್ ಯಾವ ಹಳೆಯ ಆವೃತ್ತಿಯ ಮೇಲೆ ಓಡುತ್ತದೋ ಯಾರಿಗೆ ಗೊತ್ತು. ಫೈಲಿನ ಮೊದಲ ಪದ ಮಾತ್ರ ಹೋಲಿಕೆಗೆ ಸಿಗುತ್ತಿಲ್ಲ ಅಂದರೆ, ಆರಂಭದಲ್ಲಿ ಕಣ್ಣಿಗೆ ಕಾಣದ ಬಿಒಎಂ ಗುರುತು ಕೂತಿರಬಹುದು. ಆಗ "ಯುಟಿಎಫ್-8-ಸಿಗ್" ಅಂತ ಕೊಟ್ಟು ಓದಿ, ಅದು ಕಳಚಿ ಬೀಳುತ್ತದೆ. ಎರರ್ಸ್="ಇಗ್ನೋರ್" ಅಂತ ಹಾಕಿ ಬಾಯಿ ಮುಚ್ಚಿಸುವ ಸಲಹೆಯೂ ಓಡಾಡುತ್ತಿರುತ್ತದೆ. ದಯವಿಟ್ಟು ಬೇಡ, ಅದು ಅರ್ಥವಾಗದ ಬೈಟ್‌ಗಳನ್ನು ಹೇಳದೆ ಕೇಳದೆ ಎಸೆಯುತ್ತದೆ.

ಚಿತ್ರ, ಧ್ವನಿ, ಜಿಪ್ ಥರದ ಫೈಲುಗಳಿಗೆ ಎನ್‌ಕೋಡಿಂಗ್ ಅನ್ವಯಿಸುವುದಿಲ್ಲ. ಅವನ್ನು "ಆರ್‌ಬಿ" ಅಂತ ಬೈನರಿಯಾಗಿ ತೆರೆಯಿರಿ.

ಹಂತ 4: ಬರೆಯುವ ಮೊದಲು ಮೋಡ್ ನೋಡಿಕೊಳ್ಳಿ

ವಿತ್ ಓಪನ್("ಪಟ್ಟಿ.ಟಿಎಕ್ಸ್‌ಟಿ", "ಡಬ್ಲ್ಯೂ", ಎನ್‌ಕೋಡಿಂಗ್="ಯುಟಿಎಫ್-8") ಆ್ಯಸ್ ಕಡತ:
    ಪ್ರಿಂಟ್("ಮೊದಲ ಸಾಲು", ಫೈಲ್=ಕಡತ)
    ಪ್ರಿಂಟ್("ಎರಡನೇ ಸಾಲು", ಫೈಲ್=ಕಡತ)

ಕಡತ.ರೈಟ್ ಕೂಡ ಬಳಸಬಹುದು, ಆದರೆ ಅದು ಹೊಸಸಾಲಿನ ಗುರುತನ್ನು ತಾನಾಗಿ ಹಾಕುವುದಿಲ್ಲ. ರೈಟ್‌ಲೈನ್ಸ್ ಅಂತ ಹೆಸರಿದ್ದರೂ ಅದೂ ಹಾಕುವುದಿಲ್ಲ. ಸಾಲು ಸಾಲಾಗಿ ಬರೆಯುವಾಗ ನನಗೆ ಪ್ರಿಂಟೇ ಹಿತ.

ಈಗ ಮೋಡ್, ಅಂದರೆ ಫೈಲನ್ನು ಯಾವುದಕ್ಕೆ ತೆರೆಯುತ್ತಿದ್ದೀರಿ ಅಂತ ಹೇಳುವ ಆ "ಡಬ್ಲ್ಯೂ" ವಿಷಯಕ್ಕೆ ಬರೋಣ. ಹಳೆಯ ಫೈಲ್ ಖಾಲಿಯಾಗುವುದು ನೀವು ಬರೆದಾಗ ಅಲ್ಲ, ತೆರೆದಾಗ. ಓಪನ್ ಓಡಿದ ಆ ಕ್ಷಣವೇ ಒಳಗಿದ್ದದ್ದೆಲ್ಲ ಹೋಯಿತು. ಮುಂದಿನ ಸಾಲಿನಲ್ಲಿ ಎರರ್ ಬಂದು ನೀವು ಒಂದು ಅಕ್ಷರವನ್ನೂ ಬರೆಯದೇ ಇದ್ದರೂ ವಾಪಸ್ ಬರುವುದಿಲ್ಲ. ಇದ್ದದ್ದರ ಕೊನೆಗೆ ಸೇರಿಸಬೇಕಿದ್ದರೆ "ಎ". ಫೈಲ್ ಮೊದಲೇ ಇದ್ದರೆ ಮುಟ್ಟಬೇಡ, ಎರರ್ ಕೊಡು ಅನ್ನುವುದಕ್ಕೆ "ಎಕ್ಸ್" ಇದೆ, ಪೈಥಾನ್ 3.3ರಲ್ಲಿ ಬಂದದ್ದು. ಹೊಸ ಫೈಲ್ ಮಾಡುವ ಸ್ಕ್ರಿಪ್ಟ್‌ಗಳಲ್ಲಿ ನಾನು ಈಗ ಮೊದಲು ಎಕ್ಸ್ ಹಾಕಿ ನೋಡುತ್ತೇನೆ, ನಿಜವಾಗಿಯೂ ಅಳಿಸಿ ಬರೆಯಬೇಕು ಅಂತ ಖಚಿತವಾದ ಮೇಲೆ ಮಾತ್ರ ಡಬ್ಲ್ಯೂ.

ಇರುವ ಫೈಲನ್ನೇ ತಿದ್ದಬೇಕಾದಾಗ ಏನು ಮಾಡೋದು? ಓದಿ, ಬದಲಿಸಿ, ಅದೇ ಹೆಸರಿಗೆ ಡಬ್ಲ್ಯೂ ಹಾಕಿ ಬರೆದರೆ, ಬರೆಯುವ ಮಧ್ಯೆ ಪ್ರೋಗ್ರಾಂ ನಿಂತರೆ ಹಳೆಯದೂ ಇಲ್ಲ, ಹೊಸದೂ ಅರ್ಧ. ಇದಕ್ಕೆ ಹಳೆಯ, ಗಟ್ಟಿ ಉಪಾಯ ಒಂದಿದೆ. ಹೊಸದನ್ನು ಬೇರೆ ಹೆಸರಲ್ಲಿ ಬರೆಯಿರಿ, ಪೂರ್ತಿ ಬರೆದು ಮುಚ್ಚಿದ ಮೇಲೆ ಹೆಸರು ಬದಲಿಸಿ.

ವಿತ್ ಓಪನ್("ಪಟ್ಟಿ.ಹೊಸತು", "ಡಬ್ಲ್ಯೂ", ಎನ್‌ಕೋಡಿಂಗ್="ಯುಟಿಎಫ್-8") ಆ್ಯಸ್ ಕಡತ:
    ಕಡತ.ರೈಟ್(ಹೊಸ_ಪಠ್ಯ)
ಓಎಸ್.ರಿಪ್ಲೇಸ್("ಪಟ್ಟಿ.ಹೊಸತು", "ಪಟ್ಟಿ.ಟಿಎಕ್ಸ್‌ಟಿ")

ರಿಪ್ಲೇಸ್ ಸಾಲು ವಿತ್‌ನ ಹೊರಗಿದೆ, ಗಮನಿಸಿ. ಒಳಗೆ ಇಟ್ಟರೆ ಇನ್ನೂ ಮುಚ್ಚದ ಫೈಲಿನ ಹೆಸರು ಬದಲಿಸಿದ ಹಾಗಾಗುತ್ತದೆ, ವಿಂಡೋಸ್ ಬಿಡುವುದಿಲ್ಲ. ಎರಡೂ ಫೈಲ್ ಒಂದೇ ಫೋಲ್ಡರಿನಲ್ಲಿರಲಿ, ಬೇರೆ ಡಿಸ್ಕಿನಲ್ಲಿದ್ದರೆ ರಿಪ್ಲೇಸ್ ಕೆಲಸ ಮಾಡದೆ ಹೋಗಬಹುದು. ಈ ರೀತಿ ಮಾಡಿದರೆ ನೋಡುವವರಿಗೆ ಒಂದೋ ಪೂರ್ತಿ ಹಳೆಯ ಫೈಲ್ ಕಾಣುತ್ತದೆ ಅಥವಾ ಪೂರ್ತಿ ಹೊಸದು. ಸೆಟ್ಟಿಂಗ್ಸ್, ಪಟ್ಟಿ, ಲೆಕ್ಕ, ಕಳೆದುಹೋದರೆ ನೋವಾಗುವ ಯಾವುದನ್ನೇ ಆಗಲಿ ನಾನು ಹೀಗಲ್ಲದೆ ಬರೆಯುವುದಿಲ್ಲ. ಒಂದು ಸಾಲು ಜಾಸ್ತಿ, ಅಷ್ಟೇ ಅಲ್ವಾ.

ಹಂತ 5: ಮುಚ್ಚುವುದು ಅಂದರೆ ನಿಜವಾಗಿ ಏನು

ಈಗ ಆ ಸೊನ್ನೆ ಬೈಟ್ ಕಥೆ. ನೀವು ರೈಟ್ ಅಂದ ತಕ್ಷಣ ಅಕ್ಷರಗಳು ಡಿಸ್ಕಿಗೆ ಹೋಗುವುದಿಲ್ಲ. ಪೈಥಾನ್ ಅವನ್ನು ಮೆಮೊರಿಯಲ್ಲಿ ಬಫರ್ ಅನ್ನುವ ಜಾಗದಲ್ಲಿ ಕೂಡಿಡುತ್ತದೆ, ತುಂಬಿದ ಮೇಲೆ ಒಟ್ಟಿಗೆ ಕಳಿಸುತ್ತದೆ. ಒಂದೊಂದು ಸಾಲಿಗೂ ಡಿಸ್ಕಿಗೆ ಓಡಿದರೆ ತುಂಬಾ ನಿಧಾನ ಆಗುತ್ತದೆ, ಅದಕ್ಕೆ. ಈ ಬಫರಿನ ಮಾಮೂಲಿ ಗಾತ್ರ ಬಹುಕಾಲ 8192 ಬೈಟ್ ಇತ್ತು. ನನ್ನ ಸ್ಕ್ರಿಪ್ಟ್ ಬರೆಯುತ್ತಿದ್ದ ಪ್ರತಿ ಸಾಲಿನಲ್ಲಿ ದಿನಾಂಕ, ಸಮಯ, ತಾಪಮಾನ ಸೇರಿ 22 ಬೈಟ್. ಐದು ಗಂಟೆಯ 300 ಸಾಲು ಅಂದರೆ 6600 ಬೈಟ್. ಬಫರ್ ತುಂಬಿಯೇ ಇರಲಿಲ್ಲ! ಎಲ್ಲವೂ ಮೆಮೊರಿಯಲ್ಲೇ ಇತ್ತು, ಕರೆಂಟ್ ಜೊತೆಗೇ ಹೋಯಿತು.

ಕ್ಲೋಸ್ ಮಾಡಿದಾಗ ಬಫರಿನಲ್ಲಿ ಉಳಿದದ್ದು ಆಪರೇಟಿಂಗ್ ಸಿಸ್ಟಮ್‌ಗೆ ಹೋಗುತ್ತದೆ, ಆಮೇಲೆ ಫೈಲ್ ಬಿಡುಗಡೆ ಆಗುತ್ತದೆ. ಹಾಗಾಗಿ ಬರೆಯುವ ಫೈಲನ್ನು ಮುಚ್ಚುವುದು ಅಂದರೆ ಬರೆದದ್ದನ್ನು ಪೂರ್ತಿ ಮಾಡುವುದು. ಪ್ರೋಗ್ರಾಂ ಸಹಜವಾಗಿ ಮುಗಿದರೆ ಪೈಥಾನ್ ಸಾಮಾನ್ಯವಾಗಿ ಇದನ್ನು ಮಾಡಿಯೇ ಹೋಗುತ್ತದೆ. ಬಲವಂತವಾಗಿ ಕೊಂದರೆ, ಕರೆಂಟ್ ಹೋದರೆ ಇಲ್ಲ. ಆಗ ವಿತ್ ಕೂಡ ಕಾಪಾಡುವುದಿಲ್ಲ, ಯಾಕೆಂದರೆ ಬ್ಲಾಕಿನಿಂದ ಹೊರಬರುವ ಅವಕಾಶವೇ ಸಿಕ್ಕಿರುವುದಿಲ್ಲ.

ತುಂಬಾ ಹೊತ್ತು ಓಡುವ ಸ್ಕ್ರಿಪ್ಟ್‌ಗಳಲ್ಲಿ ಏನು ಮಾಡಬೇಕು ಅಂದರೆ, ವಿತ್ ಅನ್ನು ಲೂಪಿನ ಹೊರಗಿನಿಂದ ಲೂಪಿನ ಒಳಕ್ಕೆ ತನ್ನಿ.

ವೈಲ್ ಟ್ರೂ:
    ಅಳತೆ = ಸೆನ್ಸರ್_ಓದು()
    ವಿತ್ ಓಪನ್("ತಾಪ.ಟಿಎಕ್ಸ್‌ಟಿ", "ಎ", ಎನ್‌ಕೋಡಿಂಗ್="ಯುಟಿಎಫ್-8") ಆ್ಯಸ್ ಕಡತ:
        ಪ್ರಿಂಟ್(ಅಳತೆ, ಫೈಲ್=ಕಡತ)
    ಟೈಮ್.ಸ್ಲೀಪ್(60)

ನಿಮಿಷಕ್ಕೊಮ್ಮೆ ತೆರೆದು ಮುಚ್ಚುವುದು ಯಂತ್ರಕ್ಕೆ ಏನೇನೂ ಭಾರ ಅಲ್ಲ. ಸೆಕೆಂಡಿಗೆ ನೂರಾರು ಸಾಲು ಬರೆಯುವ ಹಾಗಿದ್ದರೆ ಒಂದೇ ಸಲ ತೆರೆದು, ಆಗಾಗ ಕಡತ.ಫ್ಲಶ್() ಕರೆಯಿರಿ, ಅಥವಾ ತೆರೆಯುವಾಗಲೇ ಬಫರಿಂಗ್=1 ಕೊಡಿ, ಆಗ ಪ್ರತಿ ಸಾಲಿಗೂ ಬಫರ್ ಖಾಲಿಯಾಗುತ್ತದೆ. ಇಷ್ಟೆಲ್ಲ ಆದರೂ ಅಕ್ಷರ ತಲುಪಿರುವುದು ಆಪರೇಟಿಂಗ್ ಸಿಸ್ಟಮ್‌ಗೆ, ಅದು ಡಿಸ್ಕಿಗೆ ಬರೆಯಲು ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಳ್ಳಬಹುದು. ಒಂದು ಸಾಲೂ ಹೋಗಬಾರದು ಅನ್ನುವಂಥ ಕೆಲಸ ಆದರೆ ಫ್ಲಶ್ ಆದಮೇಲೆ, ಡಿಸ್ಕಿಗೇ ಬರೆಸುವ ಓಎಸ್.ಎಫ್‌ಸಿಂಕ್(ಕಡತ.ಫೈಲ್‌ನೋ()) ಕೂಡ ಹಾಕಿ. ಅದು ನಿಧಾನ. ಬೇಕಾದ ಕಡೆ ಮಾತ್ರ ಹಾಕಿ.

ಹಂತ 6: ಚಿಕ್ಕ ಫೈಲಿಗೆ ಪಾಥ್‌ಲಿಬ್

ಪೈಥಾನ್ 3.4ರಲ್ಲಿ, ಫೈಲ್ ಎಲ್ಲಿದೆ ಅನ್ನುವ ವಿಳಾಸಗಳನ್ನು ನೋಡಿಕೊಳ್ಳುವ ಪಾಥ್‌ಲಿಬ್ ಬಂತು, 3.5ರಲ್ಲಿ ಅದಕ್ಕೆ ರೀಡ್_ಟೆಕ್ಸ್ಟ್ ಮತ್ತು ರೈಟ್_ಟೆಕ್ಸ್ಟ್ ಸೇರಿದವು. ತೆರೆಯುವುದು, ಓದುವುದು, ಮುಚ್ಚುವುದು ಮೂರೂ ಒಂದೇ ಮಾತಿನಲ್ಲಿ ಮುಗಿಯುತ್ತದೆ.

ಪಠ್ಯ = ಪಾಥ್("ಪಟ್ಟಿ.ಟಿಎಕ್ಸ್‌ಟಿ").ರೀಡ್_ಟೆಕ್ಸ್ಟ್(ಎನ್‌ಕೋಡಿಂಗ್="ಯುಟಿಎಫ್-8")

ರೈಟ್_ಟೆಕ್ಸ್ಟ್ ಕೂಡ ಒಳಗೊಳಗೆ ಡಬ್ಲ್ಯೂ ಮೋಡೇ, ಹಳೆಯದನ್ನು ಅಳಿಸುತ್ತದೆ, ಅದೊಂದು ನೆನಪಿರಲಿ.

ಪಾಥ್‌ಲಿಬ್ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಇದೆ. ಫೈಲ್ ಕಣ್ಣೆದುರೇ ಇದ್ದರೂ ಫೈಲ್‌ನಾಟ್‌ಫೌಂಡ್‌ಎರರ್ ಬಂದು ಕಂಗಾಲಾಗುವವರು ಬಹಳ ಮಂದಿ. ಬರೀ ಹೆಸರು ಕೊಟ್ಟರೆ ಪೈಥಾನ್ ಹುಡುಕುವುದು ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲಿ ಅಲ್ಲ, ನೀವು ಯಾವ ಫೋಲ್ಡರಿನಲ್ಲಿ ನಿಂತು ಅದನ್ನು ಓಡಿಸಿದಿರೋ ಅಲ್ಲಿ. ಎಡಿಟರಿನಿಂದ ಓಡಿಸಿದಾಗ ಒಂದು, ಟರ್ಮಿನಲ್‌ನಿಂದ ಓಡಿಸಿದಾಗ ಇನ್ನೊಂದು. ಪಾಥ್(__ಫೈಲ್__).ಪೇರೆಂಟ್ / "ಪಟ್ಟಿ.ಟಿಎಕ್ಸ್‌ಟಿ" ಅಂತ ಬರೆದರೆ ಯಾವಾಗಲೂ ಸ್ಕ್ರಿಪ್ಟ್ ಪಕ್ಕದ ಫೈಲೇ ಸಿಗುತ್ತದೆ.

ಹಂತ 7: ಎರಡು ಫೈಲ್ ಒಟ್ಟಿಗೆ, ಮತ್ತು ಸಿಎಸ್‌ವಿ

ಒಂದರಿಂದ ಓದಿ ಇನ್ನೊಂದಕ್ಕೆ ಬರೆಯುವಾಗ ಒಂದೇ ವಿತ್‌ನಲ್ಲಿ ಅಲ್ಪವಿರಾಮ ಹಾಕಿ ಎರಡು ಓಪನ್ ಬರೆಯಬಹುದು. ಸಾಲು ಉದ್ದವಾಯಿತು ಅನ್ನಿಸಿದರೆ 3.10ರಿಂದ ಎರಡನ್ನೂ ಕಂಸದೊಳಗೆ ಹಾಕಿ ಬೇರೆ ಬೇರೆ ಸಾಲಿಗೆ ಇಳಿಸಬಹುದು. ಎಷ್ಟು ಫೈಲ್ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಕಾಂಟೆಕ್ಸ್ಟ್‌ಲಿಬ್‌ನ ಎಕ್ಸಿಟ್‌ಸ್ಟ್ಯಾಕ್ ಇದೆ, ಅದಕ್ಕೆ ಒಂದೊಂದಾಗಿ ಒಪ್ಪಿಸುತ್ತಾ ಹೋದರೆ ಕೊನೆಗೆ ಎಲ್ಲವನ್ನೂ ಅದೇ ಮುಚ್ಚುತ್ತದೆ.

ಸಿಎಸ್‌ವಿ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಫೈಲ್, ಬರೆಯುವಾಗ ಓಪನ್‌ನಲ್ಲಿ ನ್ಯೂಲೈನ್="" ಸೇರಿಸಿ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಸ್ಪ್ರೆಡ್‌ಶೀಟ್ ತೆರೆದಾಗ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಕೂತಿರುತ್ತದೆ.

ಹಂತ 8: ಹಳೆಯ ಕೋಡ್ ಹುಡುಕಿ

ನೀವು ಈಗಾಗಲೇ ಬರೆದಿಟ್ಟ ಸ್ಕ್ರಿಪ್ಟ್‌ಗಳಲ್ಲಿ ಮುಚ್ಚದ ಫೈಲ್ ಎಲ್ಲಿದೆ ಅಂತ ಪೈಥಾನೇ ಹೇಳುತ್ತದೆ, ಕೇಳಬೇಕು ಅಷ್ಟೇ. ಪೈಥಾನ್ ಕರೆಯುವಾಗ ಒಂದು ಅಡ್ಡಗೆರೆ, ದೊಡ್ಡ ಎಕ್ಸ್, ಖಾಲಿ ಜಾಗ ಬಿಟ್ಟು 'ಡೆವ್', ಆಮೇಲೆ ಸ್ಕ್ರಿಪ್ಟ್ ಹೆಸರು ಕೊಟ್ಟು ಓಡಿಸಿ. ಸದಾ ಬಚ್ಚಿಟ್ಟಿರುವ ರಿಸೋರ್ಸ್‌ವಾರ್ನಿಂಗ್‌ಗಳು ಹೊರಗೆ ಬರುತ್ತವೆ, ಯಾವ ಫೈಲ್ ಮುಚ್ಚದೆ ಉಳಿಯಿತು ಅಂತ ಹೆಸರು ಸಮೇತ. ಬಂದ ಪಟ್ಟಿ ಉದ್ದ ಇದ್ದರೆ ಬರೀ ಓದುವ ಫೈಲುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬರೆಯಲು ತೆರೆದಿರುವವನ್ನು ಇವತ್ತೇ ವಿತ್ ಒಳಗೆ ತನ್ನಿ.